ಆರ್ಗನ್ನಿಗೆ ಶೀತವಾದ ಶನಿವಾರ

ನಮ್ಮ ಚಾಪೆಲ್‌ನ, ಅಂದರೆ ಊರಿನ ಪ್ರಾರ್ಥನಾಮಂದಿರದ, ಹಾಡುಗಾರರಿಗೆ ಅರ್ಧ ಧ್ವನಿಯಲ್ಲಿ ಹಾಡುವುದು ಗೊತ್ತಿಲ್ಲ. ಅಭ್ಯಾಸವೇ ಇರಲಿ, ಹಬ್ಬವೇ ಇರಲಿ, ನೆಗಡಿಯಾಗಿರಲಿ, ಕಟ್ಟಿಸಿದ ಹಲ್ಲು ಸಡಿಲವಾಗಿರಲಿ, ಬಾಯಿ ತೆರೆದ ಮೇಲೆ ಎದೆಯಲ್ಲಿರುವುದನ್ನೆಲ್ಲ ಹೊರಗೆ ಹಾಕಿಬಿಡಬೇಕು. ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಇವರು. ನಾನು ಲೀಡ್ಸ್ ಪಟ್ಟಣದ ಶಾಲೆಯಲ್ಲಿ ಓದಿ, ಮದುವೆಯಾದ ಮೇಲೆ ಅಜ್ಜನ ಹಳೇ ಮನೆ ಖಾಲಿಯಿದೆ ಅಂತ ಉಣ್ಣೆಗಿರಣಿಗಳ ಊರಾದ ಸ್ಕಾರ್‌ಬ್ರಿಗ್‌ಗೆ ಬಂದವಳು. ಮೊದಲ ದಿನ ಹೆಂಗಸರ ಸಾಲಿನಲ್ಲಿ ನಿಂತು ಮೆಲ್ಲಗೆ ಹಾಡಿದಾಗ ಪಕ್ಕದವಳು ನನ್ನ ಕಡೆ ತಿರುಗಿ, "ಏನಮ್ಮಾ, ಮೈ ಹುಷಾರಿಲ್ವಾ?" ಅಂತ ಕೇಳಿದ್ದಳು.

ಇಂಥವರ ಎದುರಿಗೆ ನನ್ನ ಚಿಕ್ಕಜ್ಜ ಹೆಡ್ಲಿ ಬ್ಯಾರಕ್ಲಫ್, ವರ್ಷಗಟ್ಟಲೆ ಒಪೆರಾದಲ್ಲಿ ಹಾಡಿದ ಮನುಷ್ಯ, ನವೆಂಬರಿನ ಮೊದಲ ಅಭ್ಯಾಸದ ದಿನ ಎದ್ದು ನಿಂತರು. ಕುತ್ತಿಗೆಗೆ ಬೂದುಬಣ್ಣದ ಉಣ್ಣೆಯ ಶಾಲು ಎರಡು ಸುತ್ತು ಸುತ್ತಿತ್ತು. ಕ್ರಿಸ್ಮಸ್‌ನ ದೊಡ್ಡ ಹಾಡುಗಾರಿಕೆಯಲ್ಲಿ ಆರ್ಗನ್ ವಾದ್ಯದ ಪೀಠಿಕೆ ಮುಗಿದ ಕೂಡಲೇ ಮೊದಲು ಕೇಳುವ ಮನುಷ್ಯಧ್ವನಿ ಟೆನರ್‌ನದು, ಅಂದರೆ ಗಂಡಸರಲ್ಲಿ ಎತ್ತರದ ಧ್ವನಿಯವನದು. ಅದು ಬೆಟ್ಟ ಹತ್ತಿದಂತೆ ಹತ್ತಿ ಕಣಿವೆಗೆ ಇಳಿಯುವ ಉದ್ದನೆಯ ಹಾಡು. ಚಿಕ್ಕಜ್ಜ ಅದನ್ನು ಒಂದು ಕಿವಿಯ ಮೇಲೆ ಕೈಯಿಟ್ಟುಕೊಂಡು, ತುಟಿಯಂಚಿನಲ್ಲೇ, ಪಕ್ಕದ ಮನೆಯ ಮಗು ಏಳಬಾರದು ಅನ್ನುವ ಹಾಗೆ ಗೊಣಗಿದರು. ಮೇಲೆ ಹೋಗಬೇಕಾದ ಕಡೆಯೆಲ್ಲ ಕೆಳಗಿನ ಸ್ಥಾಯಿಯಲ್ಲಿ ಹಾಡಿ ದಾಟಿಸಿದರು. ಹಿಂದಿನ ಸಾಲಿನವರಿಗೆ ಕೇಳಿಸಿದ್ದು ಅಡುಗೆಕೋಣೆಯಲ್ಲಿ ಚಹಾದ ಹಂಡೆ ಕುದಿಯುವ ಸದ್ದು ಮಾತ್ರ.

ಹಾಡು ಮುಗಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆರ್ನಲ್ಡ್ ಮೇಷ್ಟ್ರು, ಶಾಲೆಯಿಂದ ನಿವೃತ್ತರಾದ ಮೇಲೆ ನಮ್ಮ ಮೇಳ ನಡೆಸುವವರು, ಕನ್ನಡಕ ಒರೆಸಿಕೊಂಡು "ಮುಂದಿನ ಪುಟ" ಅಂದರು. ಪಾಪ, ಹೆಡ್ಲಿಯ ಧ್ವನಿ ಹೋಗಿದೆ ಅನ್ನುವುದು ಆ ಕ್ಷಣದಲ್ಲಿ ಇಡೀ ಚಾಪೆಲ್‌ಗೆ ತೀರ್ಮಾನವಾಗಿ ಹೋಗಿತ್ತು.

*

ಚಿಕ್ಕಜ್ಜ ಹುಟ್ಟಿದ್ದು ಬಣ್ಣದ ಗಿರಣಿಯ ಹಿಂದಿನ ಬೀದಿಯಲ್ಲಿ. ಅಪ್ಪ ಯೂವರ್ಟ್ ಉಣ್ಣೆಗೆ ಬಣ್ಣ ಹಾಕುವವನು. ಅವನ ಕೈಗಳು ಮಣಿಕಟ್ಟಿನವರೆಗೆ ನೀಲಿ. ಭಾನುವಾರ ಚಾಪೆಲ್‌ಗೆ ಹೋಗುವಾಗ ಎಷ್ಟು ಉಜ್ಜಿದರೂ ನೀಲಿಯೇ. ಹೆಡ್ಲಿಯೂ ಶಾಲೆ ಬಿಟ್ಟವನೇ ಅದೇ ಗಿರಣಿ ಸೇರಿದ. ಬಣ್ಣದ ಹಂಡೆಗಳ ಹಬೆಯಲ್ಲಿ ನಿಂತು ಹಾಡುತ್ತಿದ್ದ. ಬೇಡ ಅಂದವರಿಲ್ಲ, ಹಾಡುವಾಗ ಅವನ ಕೈ ಬೇಗ ಓಡುತ್ತಿತ್ತಂತೆ. "ನನ್ನ ಗಂಟಲಿಗೆ ಮೊದಲ ಗುರು ಆ ಹಬೆ" ಅಂತ ಚಿಕ್ಕಜ್ಜ ಆಮೇಲೆ ನನಗೆ ಹೇಳುತ್ತಿದ್ದರು. ಉಗಿ ಹಿಡಿದರೆ ಮಗುವಿನ ಎದೆ ಕಟ್ಟಿದ್ದು ಸಡಿಲವಾಗುತ್ತದಾ ಅಂತ ನಾನು ಕೂಡಲೇ ಕೇಳಿದ್ದೆ. ನನ್ನ ಮಗಳು ಹೆಸ್ಟರ್ ಆಗ ಅಂಗೈಯಗಲದ ಕೂಸು.

ಊರಿನ ಹುಡುಗನಿಗೆ ಅಂಥ ಧ್ವನಿಯಿದ್ದರೂ ಕ್ರಿಸ್ಮಸ್‌ನ ಒಂಟಿ ಹಾಡು ಅವನಿಗೆ ಸಿಗುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ನಾಲ್ವರು ಮುಖ್ಯ ಗಾಯಕರು ಹೊರಗಿನವರೇ ಆಗಬೇಕು, ಲೀಡ್ಸ್‌ನಿಂದಲೋ ಮ್ಯಾಂಚೆಸ್ಟರ್‌ನಿಂದಲೋ ರೈಲಿನಲ್ಲಿ ಬಂದಿಳಿಯಬೇಕು, ಅದು ನಮ್ಮ ಪ್ರಾವಿಡೆನ್ಸ್ ಚಾಪೆಲ್‌ನ ಪದ್ಧತಿ. ಅವರಿಗೆ ವೇದಿಕೆಯ ಮುಂದೆ ಮೆತ್ತೆಯ ಕುರ್ಚಿ. ಹಾಡು ಮುಗಿದ ಮೇಲೆ ಚಹಾಕೂಟದಲ್ಲಿ ಹ್ಯಾಮ್, ಅಂದರೆ ಬೇಯಿಸಿದ ಹಂದಿಮಾಂಸ, ಕೊಯ್ದು ಬಡಿಸುವಾಗ ಅವರಿಗೆ ಮೊದಲು. ಮೇಳದವರು ಗೋಡೆಗೆ ಒರಗಿ ನಿಂತು ಕಾಯಬೇಕು, ಮನೆಯವರಲ್ಲವೇ. ತುಪ್ಪಳದ ಕಾಲರಿನ ಕೋಟು ಹಾಕಿಕೊಂಡ ಒಬ್ಬ ಟೆನರ್ ಮೂರು ಸಲ ಹಾಕಿಸಿಕೊಂಡು ಮೇಳದವರಿಗೆ ಬರೀ ಕೊಬ್ಬಿನ ಅಂಚು ಉಳಿಸಿದ್ದನ್ನು ನಮ್ಮ ಬೀದಿಯ ಮುದುಕರು ಇವತ್ತಿಗೂ ಮರೆತಿಲ್ಲ. ಅವನು ಹೇಗೆ ಹಾಡಿದ ಅನ್ನುವುದನ್ನು ಮರೆತಿದ್ದಾರೆ.

ಊರೂರು ತಿರುಗುವ ಒಪೆರಾ ಕಂಪನಿಯೊಂದು ಬ್ರ್ಯಾಡ್‌ಫರ್ಡ್‌ನಲ್ಲಿ ಬಿಡಾರ ಹೂಡಿದ್ದಾಗ ಹೆಡ್ಲಿ ಹೋಗಿ ಹಾಡಿ ತೋರಿಸಿದ. ತಗೊಂಡರು. ಮನೆಯಲ್ಲಿ ಗಲಾಟೆಯೇನೂ ಆಗಲಿಲ್ಲ. ನಮ್ಮವರು ಗಲಾಟೆ ಮಾಡುವುದಿಲ್ಲ, ಒಂದು ಮಾತು ಎಸೆದು ಸುಮ್ಮನಾಗುತ್ತಾರೆ. ಒಪೆರಾದಲ್ಲಿ ನಾಯಕನಾದವನು ಕೊನೆಯ ಅಂಕದಲ್ಲಿ ಇರಿತ ತಿಂದೋ ವಿಷ ಕುಡಿದೋ ಹಾಡುತ್ತಾ ಸಾಯುತ್ತಾನೆ ಅಂತ ಯಾರೋ ಅವನ ಅಮ್ಮನಿಗೆ ಹೇಳಿದ್ದರಂತೆ. ಆಕೆ ಹಿಟ್ಟು ನಾದುತ್ತಾ, "ಅಷ್ಟು ಜೋರಾಗಿ ಹಾಡೋಕೆ ತ್ರಾಣ ಇರೋನು ಎದ್ದು ಡಾಕ್ಟರ್ ಹತ್ರ ಹೋಗಬಹುದಿತ್ತಲ್ಲ" ಅಂದಳಂತೆ.

ಅಪ್ಪ ಅಮ್ಮ ಅವನನ್ನು ರಂಗದ ಮೇಲೆ ನೋಡಿದ್ದು ಒಂದೇ ಸಲ. ಕೈಯಲ್ಲಿ ಈಟಿ ಹಿಡಿದ ಸೈನಿಕ. ಮೂರನೆಯ ಅಂಕದಲ್ಲಿ ಒಳಗೆ ಬಂದು, ಕುದುರೆಗಳು ಸಿದ್ಧವಾಗಿವೆ ಅಂತ ಒಂದು ಸಾಲು ಹಾಡಿ ಹೋಗಬೇಕು. ಆಟ ಮುಗಿದ ಮೇಲೆ ಹಿಂಬಾಗಿಲಲ್ಲಿ ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಕುದುರೆ ಎಲ್ಲೋ?" ಅಂದ.

"ಯಾವ ಕುದುರೆ ಅಪ್ಪಾ?"

"ರೆಡಿ ಇದೆ ಅಂದ್ಯಲ್ಲ. ಕೊನೇವರೆಗೂ ಕಾದೆ. ಒಂದೂ ಬರಲಿಲ್ಲ."

ಈ ಕತೆ ಹೇಳುವಾಗ ಚಿಕ್ಕಜ್ಜ ನಗುತ್ತಿದ್ದರು.

ಕಂಪನಿ ಅವರನ್ನು ಇಟ್ಟುಕೊಂಡದ್ದು ಬದಲಿ ಗಾಯಕನಾಗಿ. ನಾಯಕ ಹಾಡುವುದನ್ನೆಲ್ಲ ಇವರು ಕಲಿತಿರಬೇಕು, ಅವನ ಅಂಗಿ ಇವರ ಅಳತೆಗೂ ಹೊಲಿದಿರಬೇಕು, ದಿನಾ ಸಂಜೆ ಗಂಟಲು ಸಜ್ಜು ಮಾಡಿಕೊಂಡು ಪರದೆಯ ಹಿಂದೆ ಕೂತಿರಬೇಕು. ಅವನಿಗೇನಾದರೂ ಆದರೆ ಇವರು. ಅವನಿಗೆ ಏನೂ ಆಗುತ್ತಿರಲಿಲ್ಲ. "ಲೋರ್ನಾ, ಆ ಮನುಷ್ಯ ಕುದುರೆ ಹಾಗೆ ಆರೋಗ್ಯವಾಗಿದ್ದ. ನಮ್ಮಪ್ಪ ಕಾದ ಕುದುರೆ ಅವನೇ ಇರಬೇಕು" ಅನ್ನುತ್ತಿದ್ದರು ನನಗೆ.

ಬದಲಿಯವನಿಗೆ ಮುಖ್ಯವಾಗಿ ಕಲಿಸುವ ವಿದ್ಯೆಯೇ ಧ್ವನಿ ಉಳಿಸುವುದು. ಅಭ್ಯಾಸದಲ್ಲಿ ಯಾರೂ ಪೂರ್ತಿ ಬಿಟ್ಟು ಹಾಡುವುದಿಲ್ಲ. ಎಲ್ಲಿ ಉಸಿರು, ಎಲ್ಲಿ ತಿರುವು ಅಂತ ಮೆಲ್ಲಗೆ ಗುರುತು ಹಾಕಿಕೊಳ್ಳುತ್ತಾ ಹೋಗುತ್ತಾರೆ. ಎತ್ತರದ ಸ್ವರ ಬಂದರೆ ಕೆಳಗಿನ ಸ್ಥಾಯಿಯಲ್ಲಿ ಮುಟ್ಟಿ ಬಿಡುತ್ತಾರೆ. ಧ್ವನಿ ಸಂಜೆಯ ಜನಕ್ಕೆ, ಅಭ್ಯಾಸಕ್ಕಲ್ಲ. ಒಪೆರಾದವರಿಗೆ ಇದು ಒಲೆಗೆ ಸೌದೆ ಒಟ್ಟಿದಷ್ಟು ಸಹಜ. ನಮ್ಮ ಚಾಪೆಲ್‌ನವರಿಗೆ ಮಾತ್ರ ಇದು ಕನಸಲ್ಲೂ ಹೊಳೆಯದ ಸಂಗತಿ.

ಒಂದೇ ಒಂದು ಸಲ, ಹಲ್ ಪಟ್ಟಣದಲ್ಲಿ, ನಾಯಕನಿಗೆ ಜ್ವರ ಬಂತು. ಹೆಡ್ಲಿಗೆ ಗೊತ್ತಾದದ್ದು ಮಧ್ಯಾಹ್ನದ ಮೇಲೆ. ಊರಿನ ಮೂಲೆಯಂಗಡಿಗೆ ಫೋನ್ ಮಾಡಿದರು. ಅಂಗಡಿಯವಳು ಏಪ್ರನ್‌ನಲ್ಲೇ ಬೀದಿ ಓಡಿ ಅಮ್ಮನಿಗೆ ಹೇಳಿದಳು. ಅಮ್ಮ ಟೋಪಿ ಹಾಕಿಕೊಂಡು, ಗಿರಣಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಬೆಟ್ಟದ ಮೇಲೆ ಹಿಮ ಬಿದ್ದು ಬಸ್ಸು ನಿಂತಿತ್ತು. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದು, ಈಗ ಹಾಡು ಶುರುವಾಗಿರುತ್ತೆ, ಈಗ ಮುಗಿದಿರುತ್ತೆ ಅಂತ ಲೆಕ್ಕ ಹಾಕಿ ಮನೆಗೆ ಬಂದರಂತೆ. ಹಲ್‌ನಲ್ಲಿ ಅವತ್ತು ಹೆಡ್ಲಿ ಚೆನ್ನಾಗಿ ಹಾಡಿದರು. ಜನ ಎದ್ದು ನಿಂತರು. ಅವರಲ್ಲಿ ಗುರುತಿನ ಮುಖ ಒಂದೂ ಇರಲಿಲ್ಲ. ಮಾರನೆಯ ದಿನ ನಾಯಕನ ಜ್ವರ ಇಳಿಯಿತು.

ಕಂಪನಿ ಮುಳುಗಿತು, ಇನ್ನೊಂದು ಸೇರಿದರು, ಅದೂ ಮುಳುಗಿತು. ದಕ್ಷಿಣದ ಕಡೆ ಹೋಗಿ ಹಾಡಿನ ಪಾಠ ಹೇಳಿದರು. ಮದುವೆಯಾಗಲಿಲ್ಲ, ಸೂಟ್‌ಕೇಸಿಗೂ ನನಗೂ ಎಂದೋ ಆಗಿದೆ ಅನ್ನುತ್ತಿದ್ದರು. ಪ್ರತಿ ಡಿಸೆಂಬರ್ ಎಲ್ಲೋ ಯಾರದೋ ಚಾಪೆಲ್‌ನಲ್ಲಿ ಹೊರಗಿನವರಾಗಿ ಹಾಡಿ, ಮೊದಲು ಬಡಿಸಿದ ಹ್ಯಾಮ್ ತಿಂದು ಬಂದರು. ವಯಸ್ಸಾದ ಮೇಲೆ ಊರಿಗೆ ಬಂದು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಉಳಿದರು. ಅಪ್ಪ ಅಮ್ಮ ಅಷ್ಟರಲ್ಲಿ ಚಾಪೆಲ್‌ನ ಹಿಂದಿನ ಮಣ್ಣಿನಲ್ಲಿದ್ದರು.

*

ಅಕ್ಟೋಬರಿನಲ್ಲಿ ಆರ್ನಲ್ಡ್ ಮೇಷ್ಟ್ರು ನಮ್ಮ ಮನೆಗೆ ಬಂದರು. ಚಾಪೆಲ್ ಮಾರುತ್ತಿದ್ದಾರೆ, ಕಾರ್ಪೆಟ್ ವ್ಯಾಪಾರಿಯೊಬ್ಬ ನೋಡಿಕೊಂಡು ಹೋಗಿದ್ದಾನೆ, ಈ ಕ್ರಿಸ್ಮಸ್ಸೇ ಕೊನೆಯ ಹಾಡುಗಾರಿಕೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು.

"ಕೊನೇದು, ಹೆಡ್ಲಿ. ಉಳಿದ ಮೂವರು ಹೊರಗಿನವರೇ, ಟೆನರ್‌ಗೆ ಮಾತ್ರ ಹೊರಗಿನವನನ್ನ ಕರೆಯೋಕೆ ಮನಸ್ಸಿಲ್ಲ."

"ದುಡ್ಡಿಲ್ಲ ಅನ್ನು."

"ಅದೂ ಇಲ್ಲ. ಮನಸ್ಸೂ ಇಲ್ಲ. ನೀನು ಹಾಡ್ತೀಯಾ?"

ಚಿಕ್ಕಜ್ಜ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಸರಿಸಿ ಮತ್ತೆ ಇದ್ದ ಜಾಗಕ್ಕೇ ತಂದಿಟ್ಟರು. "ನೋಡೋಣ" ಅಂದರು. ನಮ್ಮ ಕಡೆ ನೋಡೋಣ ಅಂದರೆ ಬೇರೆ ಯಾವ ಕೆಲಸವಿದ್ದರೂ ಬಿಟ್ಟು ಬರುತ್ತೇನೆ ಅಂತ ಅರ್ಥ.

ಮೇಷ್ಟ್ರು ಹೋದ ಮೇಲೆ ಚಿಕ್ಕಜ್ಜ ನನಗೆ ವಿಷಯ ಹೇಳಿದರು. ಗಂಟಲಿನ ಒಳಗೆ ಧ್ವನಿ ಹುಟ್ಟಿಸುವ ಎಳೆಯೊಂದರ ಮೇಲೆ ಹಳೇ ಗಾಯವಿದೆ. ಮಾತಿಗೆ ತೊಂದರೆಯಿಲ್ಲ. ಪೂರ್ತಿ ಬಿಟ್ಟು ಹಾಡಿದರೆ ರಕ್ತ ಕಟ್ಟಿ ಊದಿಕೊಳ್ಳುತ್ತದೆ, ಆಮೇಲೆ ವಾರಗಟ್ಟಲೆ ಧ್ವನಿಯಿಲ್ಲ, ಮತ್ತೆ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಡಾಕ್ಟರು ಹಾಗಂದಿದ್ದರು.

"ಒಂದು ಸಲಕ್ಕೆ ಸಾಕಾಗುವಷ್ಟಿದೆ ಅಂತಿಟ್ಕೋ."

"ಹಾಗಿದ್ರೆ ಒಪ್ಪಿಕೊಂಡಿದ್ದು ಯಾಕೆ? ಏನಾದ್ರೂ ಆದ್ರೆ?"

"ಒಂದು ಸಲಾನೇ ತಾನೇ ಹಾಡಬೇಕಾದ್ದು. ಯಾರಿಗೂ ಹೇಳಬೇಡ. ಗಂಟಲು ಸರಿಯಿಲ್ಲ ಅಂತ ಒಬ್ಬನಿಗೆ ಹೇಳಿದ್ರೆ ಟೆನರ್ ಅರ್ಧ ಸತ್ತ ಹಾಗೆ."

ಆವತ್ತಿನಿಂದ ಮನೆಯಲ್ಲಿ ನನಗೆ ಕಾಯಲು ಇಬ್ಬರಾದರು. ತೊಟ್ಟಿಲಲ್ಲಿದ್ದ ಹೆಸ್ಟರ್‌ಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದು, ಮೆಟ್ಟಿಲ ಮೇಲೆ ನಿಂತು ಚಿಕ್ಕಜ್ಜ ಕೆಮ್ಮಿದರಾ ಅಂತ ಕಿವಿಗೊಡುವುದು. ಕಿಟಕಿಯ ಸಂದಿಗೆ ಹಳೇ ಬಟ್ಟೆ ತುರುಕಿದೆ. ಜೇನುತುಪ್ಪ ತಂದೆ. ನೆಗಡಿಯಾದ ನೆರೆಯವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ನನ್ನ ಗಂಡ, "ಮನೇಲಿ ಇಬ್ಬರು ಕೂಸುಗಳಾ ಈಗ?" ಅಂತ ಕೇಳಿದ್ದು ಸುಳ್ಳಲ್ಲ. ಚಿಕ್ಕಜ್ಜ ಶಾಲು ಸುತ್ತಿಕೊಂಡೇ ತಿಂಡಿ ತಿನ್ನುತ್ತಿದ್ದರು, ಶಾಲು ಸುತ್ತಿಕೊಂಡೇ ಕಾಲುವೆಯ ದಂಡೆಗೆ ಹೋಗಿ ಬರುತ್ತಿದ್ದರು.

*

ಆ ಮೊದಲ ಅಭ್ಯಾಸ ಮುಗಿದು ಚಿಕ್ಕಜ್ಜ ಮನೆಗೆ ಹೊರಟ ಮೇಲೆ ಚಾಪೆಲ್‌ನ ಅಡುಗೆಕೋಣೆಯಲ್ಲಿ ಕಪ್ಪು ತೊಳೆಯುವ ನೆಪದಲ್ಲಿ ಸಭೆ ಸೇರಿತು. ಆರ್ನಲ್ಡ್ ಮೇಷ್ಟ್ರು, ಆರ್ಗನ್ ನುಡಿಸುವ ವಿನಿ ಆಂಟಿ, ಮೇಳದ ಟೆನರ್‌ಗಳ ಮುಂದಾಳು ಕ್ಲೆಮ್. ನಾನು ಬುಟ್ಟಿಯಲ್ಲಿದ್ದ ಮಗುವಿಗೆ ಟೋಪಿ ಕಟ್ಟುತ್ತಾ ಮೂಲೆಯಲ್ಲಿದ್ದೆ.

ವಿನಿ ಆಂಟಿ ಮತ್ತು ಚಿಕ್ಕಜ್ಜ ಒಂದೇ ಬೀದಿಯಲ್ಲಿ ಬೆಳೆದವರು. ಹೆಡ್ಲಿ ಹುಡುಗನಾಗಿದ್ದಾಗ ತನ್ನ ಬೈಸಿಕಲ್ ತಗೊಂಡು ಹೋಗಿ ಕಾಲುವೆಗೆ ಬೀಳಿಸಿದ್ದ ಅನ್ನುವುದನ್ನು ಆಕೆ ಪ್ರತಿ ಸಲವೂ ನಿನ್ನೆ ನಡೆದದ್ದೆಂಬಂತೆ ಹೇಳುತ್ತಿದ್ದಳು.

"ಹೋಗಿದೆ. ಪೂರ್ತಿ ಹೋಗಿದೆ" ಅಂದರು ಮೇಷ್ಟ್ರು.

"ನಮ್ಮ ಬಸ್ಸಿನ ಬ್ರೇಕು ಇದಕ್ಕಿಂತ ಚೆನ್ನಾಗಿ ಹಾಡುತ್ತೆ" ಅಂದ ಕ್ಲೆಮ್. ಅವನು ಊರಿನ ಬಸ್ ಚಾಲಕ.

"ಬಾಯಿ ಮುಚ್ಚು. ಅವನ ಮರ್ಯಾದೆ ವಿಷಯ ಇದು" ಅಂದಳು ವಿನಿ ಆಂಟಿ.

ನಾನು ತಡೆಯಲಾರದೆ ಹೇಳಿದೆ. "ಹೋಗಿಲ್ಲ ಆಂಟಿ. ಒಪೆರಾದವರು ಅಭ್ಯಾಸದಲ್ಲಿ ಹಾಗೇ ಹಾಡೋದು. ಅವರು ಉಳಿಸಿಕೊಳ್ತಾ ಇದ್ದಾರೆ."

ಮೂವರೂ ನನ್ನನ್ನು ಬಹಳ ಕರುಣೆಯಿಂದ ನೋಡಿದರು. ವಿನಿ ಆಂಟಿ ಒದ್ದೆ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿ, "ಹೌದಮ್ಮಾ. ನಾವೂ ಹಾಗೇ ಅಂದುಕೊಳ್ಳೋಣ" ಅಂದಳು.

ಇನ್ನೇನು ಹೇಳಲಿ? ಗಂಟಲಿನ ಗಾಯದ ಮಾತು ಎತ್ತುವಂತಿಲ್ಲ. ಎತ್ತಿದ್ದರೂ ಅದರಿಂದ ಅವರ ಅನುಮಾನವೇ ಗಟ್ಟಿಯಾಗುತ್ತಿತ್ತು.

ಚಿಕ್ಕಜ್ಜನಿಗೆ ನೋವಾಗದಂತೆ ಅವರನ್ನು ಹೇಗೆ ದಾಟಿಸುವುದು ಅನ್ನುವುದಷ್ಟೇ ಆಮೇಲಿನ ಮಾತು. ಕೈಬಿಡುವ ಮಾತನ್ನು ಯಾರೂ ಆಡಲಿಲ್ಲ. ಕೊನೆಯ ಅಭ್ಯಾಸದಿಂದ ಆ ಹಾಡಿನ ಶ್ರುತಿಯನ್ನು ಒಂದು ಸ್ವರ ಇಳಿಸಿ ನುಡಿಸುತ್ತೇನೆ, ಮೇಲೆ ಹತ್ತುವ ಕಷ್ಟ ಕಡಿಮೆಯಾಗುತ್ತೆ, ಅವನಿಗೆ ಗೊತ್ತೂ ಆಗಲ್ಲ ಅಂದಳು ವಿನಿ ಆಂಟಿ. ಅಷ್ಟರ ಮೇಲೂ ಎಡವಿದರೆ ಹಿಂದಿನ ಸಾಲಿನಿಂದ ನಮ್ಮ ನಾಲ್ವರು ಟೆನರ್‌ಗಳು ಮೆಲ್ಲಗೆ ಸೇರಿಕೊಂಡು ಎತ್ತಿ ಹಿಡಿಯುವುದು ಅಂತಾಯಿತು. "ಮೆಲ್ಲಗೆ" ಅನ್ನುವ ಮಾತಿಗೆ ಕ್ಲೆಮ್ ಮುಖ ಸಿಂಡರಿಸಿದ. ಆದರೂ ನಾಲ್ವರೂ ಗುರುವಾರ ಗುರುವಾರ ಬಸ್ ಡಿಪೋದಲ್ಲಿ ಸೇರಿ ಆ ಹಾಡನ್ನು ಕಲಿತರು.

ನಲವತ್ತು ವರ್ಷ ಸ್ವರಗಳ ಮಧ್ಯೆ ಬದುಕಿದವನಿಗೆ ಶ್ರುತಿ ಇಳಿದದ್ದು ಗೊತ್ತಾಗುವುದಿಲ್ಲ ಅಂತ ಅವರು ನಂಬಿದ್ದು ಹೇಗೋ ಕಾಣೆ. ಪ್ರೀತಿಯಿದ್ದ ಕಡೆ ಬುದ್ಧಿ ಸ್ವಲ್ಪ ಮಂಕಾಗಿರುತ್ತದೆ. ನನ್ನ ಗಂಡನನ್ನು ಕೇಳಿದರೆ ಅದಕ್ಕೆ ನನ್ನ ಉದಾಹರಣೆಯನ್ನೇ ಕೊಡುತ್ತಾರೆ.

*

ಹಾಡುಗಾರಿಕೆ ಭಾನುವಾರ ಮಧ್ಯಾಹ್ನ. ಹಿಂದಿನ ದಿನ, ಶನಿವಾರ, ಕೊನೆಯ ಅಭ್ಯಾಸ. ಚಾಪೆಲ್‌ನ ಬಾಯ್ಲರ್ ಆರಿಹೋಗಿತ್ತು, ಮಾರಲಿರುವ ಕಟ್ಟಡಕ್ಕೆ ಯಾರು ರಿಪೇರಿ ಮಾಡಿಸುತ್ತಾರೆ. ಎಲ್ಲರೂ ಕೋಟು, ಕೈಗವಸುಗಳಲ್ಲೇ ನಿಂತಿದ್ದರು. ಹಾಡುವವರ ಬಾಯಿಂದ ಹೊಗೆ ಬರುತ್ತಿತ್ತು. ನಾನು ಹೆಸ್ಟರ್‌ಳ ಬುಟ್ಟಿಯನ್ನು ಬಿಸಿನೀರಿನ ಬಾಟಲಿಯ ಜೊತೆ ಮುಂದಿನ ಬೆಂಚಿನ ಮೇಲಿಟ್ಟು, ಬಾಟಲಿ ಜಾಸ್ತಿ ಬಿಸಿಯಾಯಿತಾ ಅಂತ ಕೈಯಿಟ್ಟು ನೋಡುತ್ತಲೇ ಇದ್ದೆ.

ವಿನಿ ಆಂಟಿ ಶುರು ಮಾಡಿದಳು. ಚಿಕ್ಕಜ್ಜ ಕಿವಿಯ ಮೇಲೆ ಕೈಯಿಟ್ಟು ಬಾಯಿ ತೆರೆದವರು ಹಾಗೇ ನಿಂತರು. ಆರ್ಗನ್ ಸ್ವಲ್ಪ ದೂರ ಒಂಟಿಯಾಗಿ ಹೋಗಿ ನಿಂತಿತು.

ಚಿಕ್ಕಜ್ಜ ತಲೆಯೆತ್ತಿ ಆರ್ಗನ್ನಿನ ಕೊಳವೆಗಳನ್ನು ನೋಡಿದರು. "ವಿನಿ, ಆರ್ಗನ್ನಿಗೆ ಶೀತ ಆಗಿದೆಯಾ?"

ಯಾರೋ ಸಣ್ಣಗೆ ಕೆಮ್ಮಿದರು.

"ಚಳಿ ಅಲ್ವಾ" ಅಂದಳು ವಿನಿ ಆಂಟಿ.

"ಚಳಿಗೆ ಕೊಳವೆ ಇಷ್ಟು ಕೆಳಗೆ ಇಳಿಯಲ್ಲ. ಸರಿಯಾಗಿ ಒಂದು ಸ್ವರ ಇಳಿದಿದೆ." ಅವರು ತಿರುಗಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪುಟ ನೋಡಿದರು. ಚಿಕ್ಕಜ್ಜ ಹಿಂದಿನ ಸಾಲಿನ ನಾಲ್ವರನ್ನು ನೋಡಿದರು. ಕ್ಲೆಮ್‌ನ ಕೈಯಲ್ಲಿ ಒಂಟಿ ಹಾಡಿನ ಹಾಳೆ ಇತ್ತು, ಮೇಳದವನಿಗೆ ಬೇಡದ ಹಾಳೆ. ಕ್ಲೆಮ್ ಅದನ್ನು ಕೋಟಿನೊಳಗೆ ತುರುಕಿಕೊಳ್ಳಲು ಹೋದ. ಆಗಲಿಲ್ಲ.

ಚಿಕ್ಕಜ್ಜನಿಗೆ ಎಲ್ಲ ತಿಳಿಯಿತು. ಅದು ಅವರ ಮುಖದಲ್ಲಿ ತಿಳಿಯಲಿಲ್ಲ, ಕೈಯಲ್ಲಿ ತಿಳಿಯಿತು. ಕಿವಿಯ ಮೇಲಿದ್ದ ಕೈ ನಿಧಾನವಾಗಿ ಕೆಳಗಿಳಿಯಿತು.

"ಯಾವತ್ತಿನಿಂದ ಹೀಗಂದ್ಕೊಂಡಿದೀರಿ?"

"ಮೊದಲ ಅಭ್ಯಾಸದಿಂದ" ಅಂದರು ಮೇಷ್ಟ್ರು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತಿದ್ದರು.

"ಆದ್ರೂ ತೆಗೆದುಹಾಕಲಿಲ್ಲ."

"ನಿನ್ನ ಚಾಪೆಲ್ ಕಣೋ ಇದು" ಅಂದಳು ವಿನಿ ಆಂಟಿ. "ತೆಗೆದುಹಾಕೋಕೆ ನಾವ್ಯಾರು?"

ಚಿಕ್ಕಜ್ಜ ಸ್ವಲ್ಪ ಹೊತ್ತು ಖಾಲಿ ಬೆಂಚುಗಳನ್ನು ನೋಡುತ್ತಾ ನಿಂತರು. ಎಡಗಡೆ ಕಂಬದ ಪಕ್ಕದ ಬೆಂಚು ಬ್ಯಾರಕ್ಲಫ್ ಮನೆಯವರದು. ನನಗೂ ಅಲ್ಲಿಯೇ ಜಾಗ. ಆಮೇಲೆ ಅವರು ಶಾಲಿನ ತುದಿ ಹಿಡಿದು ಒಂದು ಸುತ್ತು ಬಿಚ್ಚಿದರು. ಇನ್ನೊಂದು ಸುತ್ತು ಬಿಚ್ಚಿದರು.

ನಾನು ಎದ್ದು ಅವರ ಹತ್ತಿರ ಹೋದೆ. "ಬೇಡ ಚಿಕ್ಕಜ್ಜ. ನಾಳೆ ಇದೆ" ಅಂದೆ, ಬೇರೆಯವರಿಗೆ ಕೇಳದ ಹಾಗೆ. "ಇವತ್ತು ಹಾಡಿದ್ರೆ ನಾಳೆಗೆ ಏನಿರುತ್ತೆ? ಇವರು ಏನಂದ್ಕೊಂಡ್ರೆ ಏನೀಗ? ನಾಳೆ ಕೇಳಿದ್ರೆ ಅವರಿಗೇ ಗೊತ್ತಾಗುತ್ತೆ."

"ನಾಳೆ ಬರೋರು ಹ್ಯಾಲಿಫ್ಯಾಕ್ಸ್‌ನಿಂದ ಬರ್ತಾರೆ, ಲೀಡ್ಸ್‌ನಿಂದ ಬರ್ತಾರೆ. ಅವರಿಗೆ ಯಾವ ಟೆನರ್ ಆದ್ರೂ ಆಗುತ್ತೆ." ಶಾಲನ್ನು ನನ್ನ ಕೈಗೆ ಕೊಟ್ಟರು. ಅದು ಬೆಚ್ಚಗಿತ್ತು. "ಹಲ್‌ನಲ್ಲೂ ಹಾಗೇ ಆಯ್ತು ನೋಡು. ಜನ ತುಂಬಾ ಇದ್ರು, ಯಾರೂ ಇರಲಿಲ್ಲ."

"ಆದ್ರೂ..."

"ಮಗೂನ ಬುಟ್ಟಿ ಆ ಕಂಬದ ಹತ್ರ ಇಡು. ಅಲ್ಲಿ ಗಾಳಿ ಬರಲ್ಲ" ಅಂದರು. ಆಮೇಲೆ ಗಟ್ಟಿಯಾಗಿ, "ವಿನಿ, ಹಾಡನ್ನ ಅದರ ಜಾಗಕ್ಕೆ ವಾಪಸ್ ತಗೊಂಡು ಹೋಗು."

ನಾನು ಬುಟ್ಟಿ ತಗೊಂಡು ಹೋಗಿ ನಮ್ಮ ಬೆಂಚಿನ ಮೇಲಿಟ್ಟೆ. ಆರ್ಗನ್ ಅದರ ಸರಿಯಾದ ಶ್ರುತಿಯಲ್ಲಿ ಶುರುವಾಯಿತು.

ಆ ಧ್ವನಿ ಹೇಗಿತ್ತು ಅಂತ ಬರೆಯಲು ಬಹಳ ಸಲ ಕೂತಿದ್ದೇನೆ. ದೊಡ್ಡದಿತ್ತು ಅಂದರೆ ತಪ್ಪಾಗುತ್ತದೆ. ಕ್ಲೆಮ್‌ನದು ದೊಡ್ಡ ಧ್ವನಿ, ಅದು ಎಲ್ಲಿಂದ ಬರುತ್ತಿದೆ ಅಂತ ಕಣ್ಣು ಮುಚ್ಚಿಯೂ ತೋರಿಸಬಹುದು. ಇದು ಎಲ್ಲಿಂದಲೂ ಬರಲಿಲ್ಲ. ಮೊದಲೇ ಆ ಗೋಡೆಗಳಲ್ಲಿ ಇದ್ದು, ಯಾರೋ ಮುಚ್ಚಳ ತೆಗೆದಂತೆ ಇತ್ತು. ಮೊದಲ ಸಾಲು ನಿಧಾನವಾಗಿ, ಅವಸರವೇ ಇಲ್ಲದವನ ಹಾಗೆ. ಬೆಟ್ಟ ಹತ್ತುವ ಕಡೆ ಒಂದೇ ಉಸಿರು. ದೀಪದ ಗಾಜಿನ ಬುರುಡೆಯೊಂದು ಸಣ್ಣಗೆ ಗುಂಯ್‌ಗುಟ್ಟಿತು. ಅಡುಗೆಕೋಣೆಯಿಂದ ಸ್ಯಾಂಡ್‌ವಿಚ್ ಮಾಡುತ್ತಿದ್ದ ಹೆಂಗಸರು ಬೆಣ್ಣೆಯ ಚಾಕು ಹಿಡಿದೇ ಬಾಗಿಲಿಗೆ ಬಂದು ನಿಂತರು. ಹೆಸ್ಟರ್ ಕಣ್ಣು ಬಿಟ್ಟಿದ್ದಳು, ಅಳಲಿಲ್ಲ. ನಾನು ಅವಳ ಉಸಿರು ನೋಡುವುದನ್ನು ಮರೆತಿದ್ದೆ.

ಕೊನೆಯ ಎತ್ತರದ ಸ್ವರದಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತೆ ಒಂದು ಕಣ ಸಿಕ್ಕಿತು. ಒಂದೇ ಕಣ. ಅವರು ಅದರ ಮೇಲೆಯೇ ಹಾದು, ಇಳಿದು, ಮುಗಿಸಿದರು.

ಚಾಪೆಲ್‌ನಲ್ಲಿ ಚಪ್ಪಾಳೆಯ ಪದ್ಧತಿಯಿಲ್ಲ. ಕ್ಲೆಮ್ ತನ್ನ ಹಾಳೆಯನ್ನು ಮಡಿಸಿದ, ಮತ್ತೆ ಮಡಿಸಿದ, ಇನ್ನು ಮಡಿಸಲಾಗದಷ್ಟು ಚಿಕ್ಕದು ಮಾಡಿದ. ವಿನಿ ಆಂಟಿ ಆರ್ಗನ್ನಿನ ಮೇಲಿದ್ದ ಕನ್ನಡಿಯಲ್ಲಿ, ನಮಗೆ ಬೆನ್ನು ತೋರಿಸಿಕೊಂಡೇ, ಚಿಕ್ಕಜ್ಜನನ್ನು ನೋಡಿದಳು.

"ಪರವಾಗಿಲ್ಲ" ಅಂದಳು.

ಅಷ್ಟೇ. ಆದರೆ ಆಕೆ ತುಪ್ಪಳದ ಕಾಲರಿನವನಿಗೂ, ಆಮೇಲೆ ಬಂದ ಎಷ್ಟೋ ಜನಕ್ಕೂ ಈ ಮಾತನ್ನು ಹೇಳಿದ್ದನ್ನು ಊರಿನಲ್ಲಿ ಯಾರೂ ಕೇಳಿಲ್ಲ.

"ನನ್ನ ಬೈಸಿಕಲ್ ಮಾತ್ರ ವಾಪಸ್ ಬರಲಿಲ್ಲ" ಅಂತ ಸೇರಿಸಿದಳು. ಆಗ ಎಲ್ಲರೂ ನಕ್ಕರು, ಮೇಷ್ಟ್ರು "ಮುಂದಿನ ಪುಟ" ಅಂದರು.

*

ಭಾನುವಾರ ಬೆಳಿಗ್ಗೆ ಚಿಕ್ಕಜ್ಜ ಕೆಳಗಿಳಿದು ಬಂದು ಚಹಾದ ಕೆಟಲ್ ತೋರಿಸಿದರು. ಮಾತಿಲ್ಲ. ತುಟಿ ಅಲ್ಲಾಡಿದರೂ ಬರೀ ಗಾಳಿ. ನಾನು ಅಳುತ್ತಾ ಜೇನು, ಬಿಸಿನೀರು ಅಂತ ಓಡಾಡಿದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ತೊಡೆಯ ಮೇಲಿಟ್ಟು, ತಾವೇ ಚಹಾ ಮಾಡಿದರು.

ಚಾಪೆಲ್‌ಗೆ ಕರಿಯ ಸೂಟಿನಲ್ಲೇ ಬಂದರು. ಬಾಗಿಲಲ್ಲೇ ಮೇಷ್ಟ್ರಿಗೆ ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದರು. ಮೇಷ್ಟ್ರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಿನ್ನೆ ಯಾವುದನ್ನು ಯಾರಿಗೆ ಕೊಟ್ಟರು ಅನ್ನುವುದು ಆಗ ತಿಳಿದು, ಅವರು ಚಿಕ್ಕಜ್ಜನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಮ್ಮ ಕಡೆಯ ಗಂಡಸರು ಹಾಗೆ ಮಾಡುವುದಿಲ್ಲ. ಮೇಷ್ಟ್ರು ಕೂಡಲೇ ಬಿಟ್ಟುಬಿಟ್ಟು ಹವಾಮಾನದ ಮಾತಾಡಿದರು.

"ಶ್ರುತಿ ಇಳಿಸ್ತೀಯಾ?" ಅಂತ ಮೇಷ್ಟ್ರು ವಿನಿ ಆಂಟಿಯನ್ನು ಕೇಳಿದ್ದಕ್ಕೆ, "ಒಂದು ಸಲ ಇಳಿಸಿ ಬುದ್ಧಿ ಬಂತು. ಹುಡುಗರು ಹತ್ತಲಿ" ಅಂದಳು.

ಮುಂದಿನ ನಾಲ್ಕು ಮೆತ್ತೆಯ ಕುರ್ಚಿಗಳಲ್ಲಿ ಒಂದು ಖಾಲಿಯಿತ್ತು. ಚಾಪೆಲ್ ತುಂಬಿತ್ತು. ಆರ್ಗನ್ ಮುಗಿದ ಕೂಡಲೇ ಹಿಂದಿನ ಸಾಲಿನಿಂದ ನಮ್ಮ ನಾಲ್ವರು ಒಟ್ಟಿಗೆ ಹಾಡಿದರು. ಡಿಪೋದಲ್ಲಿ ಕೆಳಗಿನ ಶ್ರುತಿಯಲ್ಲಿ ಕಲಿತಿದ್ದವರು ಮೇಲಿನದಕ್ಕೆ ಹತ್ತುವಾಗ ಕುತ್ತಿಗೆಯ ನರ ಉಬ್ಬಿಸಿ, ಕೆಂಪಾಗಿ, ಹೇಗೋ ಹತ್ತಿದರು. ಅವರ ಮಧ್ಯೆ ಚಿಕ್ಕಜ್ಜ ನಿಂತಿದ್ದರು, ಹುಡುಗನಾಗಿದ್ದಾಗ ನಿಲ್ಲುತ್ತಿದ್ದ ಅದೇ ಸಾಲಿನಲ್ಲಿ. ಬಾಯಿ ಪೂರ್ತಿ ತೆರೆದಿತ್ತು. ಸದ್ದು ಇರಲಿಲ್ಲ. ಒಂದು ಕೈ ಕ್ಲೆಮ್‌ನ ಬೆನ್ನ ಮೇಲಿತ್ತು, ಎಲ್ಲಿ ಉಸಿರು ತಗೋಬೇಕೋ ಅಲ್ಲಿ ಬೆರಳು ಒತ್ತುತ್ತಿತ್ತು.

ಚಹಾಕೂಟದಲ್ಲಿ ಹೊರಗಿನಿಂದ ಬಂದ ಒಬ್ಬ ದಪ್ಪ ಗೃಹಸ್ಥ ವಿನಿ ಆಂಟಿಯ ಹತ್ತಿರ ಬಂದು, "ಒಪೆರಾದ ಟೆನರ್ ಅಂತ ಹೇಳಿದ್ರಿ, ಮಾತಾಡೋಕೂ ಬರ್ತಾ ಇಲ್ಲವಂತೆ, ಪಾಪ. ಧ್ವನಿ ಹೋಗಿ ಎಷ್ಟು ದಿನ ಆಯ್ತು?" ಅಂದರು.

"ನೀವು ನಿನ್ನೆ ಎಲ್ಲಿದ್ರಿ?" ಅಂತ ಕೇಳಿದಳು ವಿನಿ ಆಂಟಿ.

"ನಿನ್ನೆ? ಮನೇಲಿ."

"ಹಾಗಾದ್ರೆ ಬಿಡಿ" ಅಂದಳು. ಪೋರ್ಕ್ ಪೈ ತಟ್ಟೆಯನ್ನು ಅವರ ಕಡೆ ತಳ್ಳಿದಳು.

ಹ್ಯಾಮ್ ಕೊಯ್ಯುವ ಹೆಂಗಸು ಪದ್ಧತಿಯಂತೆ ಹೊರಗಿನ ಮೂವರು ಗಾಯಕರಿಗೆ ಮೊದಲು ಬಡಿಸಿದಳು. ನಾಲ್ಕನೆಯ ತಟ್ಟೆ ಹಿಡಿದು ಚಿಕ್ಕಜ್ಜನನ್ನು ಹುಡುಕಿದಳು. ಅವರು ಮೇಳದವರ ಜೊತೆ ಗೋಡೆಗೆ ಒರಗಿ ನಿಂತಿದ್ದರು, ಶಾಲಿಲ್ಲದೆ, ಹೆಸ್ಟರ್‌ಳನ್ನು ಹೆಗಲ ಮೇಲೆ ಹಾಕಿಕೊಂಡು. ಆ ಹೆಂಗಸು ತಟ್ಟೆ ನೀಡಿದಾಗ ಅವರು ಕೈಯಾಡಿಸಿ ಬೇಡವೆಂದರು. ಮೊದಲು ಕ್ಲೆಮ್‌ನನ್ನು ತೋರಿಸಿದರು, ಆಮೇಲೆ ಸಾಲನ್ನೆಲ್ಲ ತೋರಿಸಿದರು. ಅವರ ಸರದಿ ಬರುವಷ್ಟರಲ್ಲಿ ಕೊಬ್ಬಿನ ಅಂಚು ಮಾತ್ರ ಉಳಿದಿತ್ತು. ಅದನ್ನು ಬ್ರೆಡ್ಡಿನ ಮೇಲಿಟ್ಟುಕೊಂಡು ನಿಧಾನವಾಗಿ ತಿಂದರು.